ಹದಿನಾರನೆಯ ಗುಂಡಿ

1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿ 456 ಮಂದಿ ಇದ್ದರು. ಅದೇ ವರ್ಷ ಆಗಿನ ಆಂಧ್ರಪ್ರದೇಶದ ನಲ್ಗೊಂಡದಲ್ಲಿ 480 ಮಂದಿ. ತಮಿಳುನಾಡಿನ ಮೊಡಕುರಿಚಿ ಎಂಬ ವಿಧಾನಸಭಾ ಕ್ಷೇತ್ರದಲ್ಲಂತೂ 1,033. ಮತಪತ್ರ ಎಂದರೆ ಒಂದು ಹಾಳೆ ಎಂದು ತಿಳಿದಿದ್ದ ದೇಶದಲ್ಲಿ ಮತಪುಸ್ತಕ ಅಚ್ಚು ಹಾಕುವ ಪರಿಸ್ಥಿತಿ ಬಂತು. ಮತದಾರ ಗೋಣಿಪರದೆಯ ಹಿಂದೆ ನಿಂತು ಪುಟ ತಿರುವಿ, ತನ್ನ ಗುರುತು ಹುಡುಕಿ, ಮುದ್ರೆ ಒತ್ತಿ, ಆ ಪುಸ್ತಕವನ್ನೇ ಮಡಚಿ ಪೆಟ್ಟಿಗೆಗೆ ತುರುಕಬೇಕು. ಮೊಡಕುರಿಚಿಯಲ್ಲಿ 88 ಮಂದಿಗೆ ಒಂದು ಮತವೂ ಬೀಳಲಿಲ್ಲ. ಅಂದರೆ ಅವರು ತಮಗೆ ತಾವೇ ಕೂಡ ಹಾಕಿಕೊಳ್ಳಲಿಲ್ಲ, ಅಥವಾ ಆ ಪುಸ್ತಕದಲ್ಲಿ ತಮ್ಮ ಹೆಸರು ಅವರಿಗೇ ಸಿಗಲಿಲ್ಲ.

ಇವರಲ್ಲಿ ಬಹುತೇಕರು ಗೆಲ್ಲಲು ನಿಂತವರಲ್ಲ. ನಲ್ಗೊಂಡದವರು ಫ್ಲೋರೈಡ್ ತುಂಬಿದ ನೀರು ಕುಡಿದು ಎಲುಬು ಬಾಗಿಸಿಕೊಂಡ ಹಳ್ಳಿಗಳ ಕಡೆ ದೆಹಲಿ ತಿರುಗಿ ನೋಡಲಿ ಎಂದು ನಿಂತರು. ಮೊಡಕುರಿಚಿಯಲ್ಲಿ ರೈತರು ನಿಂತರು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಗಡಿ ತಕರಾರನ್ನು ಮತ್ತೆ ಸುದ್ದಿಗೆ ತರಲು ಜನರನ್ನು ನಿಲ್ಲಿಸಿತು. ಆ ಬೇಡಿಕೆ ನನಗೆ ಒಪ್ಪಿಗೆಯದಲ್ಲ. ಆದರೆ ಆ ಉಪಾಯವನ್ನು ಒಂದು ಉಪಾಯವಾಗಿ ನೋಡಬೇಕು. ಧರಣಿ ಕೂತರೆ ಪೊಲೀಸರು ಎಬ್ಬಿಸುತ್ತಾರೆ, ಅರ್ಜಿ ಕೊಟ್ಟರೆ ಕಡತದಲ್ಲಿ ಮಲಗುತ್ತದೆ. ನಾಮಪತ್ರ ಕೊಟ್ಟರೆ ಮಾತ್ರ ಸರ್ಕಾರ ಅದನ್ನು ಓದಲೇಬೇಕು, ಹೆಸರನ್ನು ಅಚ್ಚು ಹಾಕಲೇಬೇಕು, ಒಂದು ಗುರುತು ಕೊಡಲೇಬೇಕು. ಆಗ ಅದಕ್ಕೆ ಬೇಕಿದ್ದ ಠೇವಣಿ 500 ರೂಪಾಯಿ. ಪರಿಶಿಷ್ಟರಿಗೆ 250.

ನಾನು ಶಹಾಪುರ ತಾಲ್ಲೂಕಿನ ಶಿರವಾಳದವನು. ಹಳೆಯ ಕಲ್ಲುಗುಡಿಗಳ ಊರು. ಗುಡಿ ನೋಡಲು ಬರುವವರು ಬಿಟ್ಟರೆ ಹೊರಗಿನವರು ಸಾಲುಗಟ್ಟಿ ಬರುವುದು ಚುನಾವಣೆಗೆ ಮಾತ್ರ. ಸರ್ಕಾರಿ ಶಾಲೆಯ ಮಾಸ್ತರನಾಗಿದ್ದರಿಂದ ಇಲೆಕ್ಷನ್ ಡ್ಯೂಟಿ ನನಗೆ ತಪ್ಪಿದ್ದಲ್ಲ. ಮಸ್ಟರಿಂಗ್ ಕೇಂದ್ರದಲ್ಲಿ ಸಾಮಾನು ಎಣಿಸಿಕೊಳ್ಳುವುದು, ಯಾವುದೋ ಊರಿನ ಶಾಲೆಯ ನೆಲದ ಮೇಲೆ ಮಲಗುವುದು, ನಸುಕಿನಲ್ಲಿ ಎದ್ದು ಏಜೆಂಟರ ಮುಂದೆ ಅಣಕು ಮತದಾನ ಮಾಡಿಸುವುದು, ಇವೆಲ್ಲ ಕೈಗೆ ಕೂತ ಕೆಲಸ. ಮತಯಂತ್ರವನ್ನು ನಂಬಬಹುದೋ ಬಾರದೋ ಎಂಬ ಜಗಳಕ್ಕೆ ಇಲ್ಲಿ ನಾನು ಇಳಿಯುವುದಿಲ್ಲ. ನನ್ನ ಕುತೂಹಲ ಬೇರೆ. ಒಂದು ಬ್ಯಾಲೆಟ್ ಯೂನಿಟ್ಟಿನಲ್ಲಿ 16 ನೀಲಿ ಗುಂಡಿಗಳಿರುತ್ತವೆ. ಹದಿನೇಳನೆಯವನು ಬಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ಎಂಜಿನಿಯರುಗಳು ಒಂದು ಉತ್ತರ ಕೊಟ್ಟರು, ಶಾಸನ ಮಾಡುವವರು ಇನ್ನೊಂದು ಕೊಟ್ಟರು. ಎರಡೂ ಉತ್ತರಗಳ ಇತಿಹಾಸ ಅಕ್ಕಪಕ್ಕದಲ್ಲೇ ಸಾಗಿದೆ.

ಮೊದಲು ಪೆಟ್ಟಿಗೆಗಳ ಕಾಲ. ನಮ್ಮ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರದು. ಅದಾಗಿ ನಾಲ್ಕು ವರ್ಷ ತುಂಬುವ ಮೊದಲೇ, 1952ರಲ್ಲಿ, ಹೈದರಾಬಾದ್ ರಾಜ್ಯದ ಪ್ರಜೆಗಳಾಗಿ ಇಲ್ಲಿನವರು ಮೊದಲ ಸಾರ್ವತ್ರಿಕ ಚುನಾವಣೆಯ ಮತ ಹಾಕಿದರು. ಆಗ ಯಾದಗಿರಿ ಎಂಬ ಹೆಸರಿನದೇ ಒಂದು ಲೋಕಸಭಾ ಕ್ಷೇತ್ರವಿತ್ತು. ಅಲ್ಲಿಂದ ಕಾಂಗ್ರೆಸ್ಸಿನ ಕೃಷ್ಣಾಚಾರ್ಯ ಜೋಶಿ ಗೆದ್ದರು, ಪಕ್ಕದ ಗುಲಬರ್ಗಾದಿಂದ ಸ್ವಾಮಿ ರಮಾನಂದ ತೀರ್ಥರು. ಮತ ಹಾಕುವ ರೀತಿ ಇಂದಿನವರಿಗೆ ವಿಚಿತ್ರ ಅನಿಸೀತು. ಮತಪತ್ರದ ಮೇಲೆ ಅಭ್ಯರ್ಥಿಯ ಹೆಸರೂ ಇಲ್ಲ, ಗುರುತೂ ಇಲ್ಲ. ಅದು ನೋಟಿನ ಗಾತ್ರದ ಒಂದು ಚೀಟಿ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ, ಪೆಟ್ಟಿಗೆಗೆ ಅಂಟಿಸಿದ ಗುರುತು. ಜೋಡೆತ್ತು ಬೇಕಾದವರು ಜೋಡೆತ್ತಿನ ಪೆಟ್ಟಿಗೆಗೆ ಚೀಟಿ ಹಾಕುವುದು. ಓದು ಬಾರದವನಿಗೆ ಇದಕ್ಕಿಂತ ಸುಲಭ ಇಲ್ಲ. ಆದರೂ ಚೀಟಿಯನ್ನು ಸೀಳಿನೊಳಗೆ ಹಾಕದೆ ಪೆಟ್ಟಿಗೆಯ ತಲೆಯ ಮೇಲೆ ಇಟ್ಟು ಬಂದವರಿದ್ದರು.

ಈ ಪದ್ಧತಿಯಲ್ಲಿ ಅಭ್ಯರ್ಥಿ ಹೆಚ್ಚಾದರೆ ಪೆಟ್ಟಿಗೆ ಹೆಚ್ಚು, ಅಷ್ಟೇ. ಮಿತಿ ಇದ್ದದ್ದು ಕೋಣೆಯ ಅಗಲಕ್ಕೆ, ಉಕ್ಕಿಗೆ, ಎತ್ತಿನ ಗಾಡಿಗೆ. ಮುಂಬೈಯ ವಿಕ್ರೋಲಿಯಲ್ಲಿ ಗೋದ್ರೆಜ್ ಕಂಪನಿಯೊಂದೇ ಆ ಚುನಾವಣೆಗೆ 12 ಲಕ್ಷಕ್ಕೂ ಮಿಕ್ಕಿ ಪೆಟ್ಟಿಗೆ ಮಾಡಿತು. ಎಲ್ಲಾ ಅಭ್ಯರ್ಥಿಗಳ ಹೆಸರೂ ಗುರುತೂ ಒಂದೇ ಹಾಳೆಯ ಮೇಲೆ ಇರುವ, ಮುದ್ರೆ ಒತ್ತುವ ಪದ್ಧತಿ ಮೊದಲು ಕೇರಳ, ಒಡಿಶಾಗಳಲ್ಲಿ ನಡೆದು 1962ಕ್ಕೆ ದೇಶದ ತುಂಬ ಬಂತು. ಬೆರಳಿಗೆ ಹಚ್ಚುವ ಮೈಸೂರಿನ ಶಾಯಿ ಬಂದದ್ದೂ ಅದೇ ಚುನಾವಣೆಗೆ. ಹಾಳೆಗೆ ಇರುವ ಒಂದು ದೊಡ್ಡ ಗುಣ ಎಂದರೆ ಅದು ಉದ್ದವಾಗುತ್ತದೆ. ಸಾಲದಿದ್ದರೆ ಅಡ್ಡಡ್ಡ ಎರಡು ಕಾಲಂ ಮಾಡಬಹುದು, ಅದೂ ಸಾಲದಿದ್ದರೆ ಬೆಳಗಾವಿಯ ಹಾಗೆ ಪುಸ್ತಕ ಹೊಲಿಯಬಹುದು. ಯಂತ್ರಕ್ಕೆ ಆ ಗುಣ ಇಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಡಬ್ಬಿಗೆ ಎಷ್ಟು ತೂತು ಕೊರೆದಿದೆಯೋ ಅಷ್ಟೇ ಗುಂಡಿ.

ಯಂತ್ರದ ಕಥೆ ಶುರುವಾದದ್ದು 1977ರಲ್ಲಿ. ಚುನಾವಣಾ ಆಯೋಗ ಹೈದರಾಬಾದಿನ ಇಸಿಐಎಲ್ ಸಂಸ್ಥೆಗೆ ಒಂದು ಮಾದರಿ ಮಾಡಿಕೊಡಲು ಕೇಳಿತು. 1979ಕ್ಕೆ ಮಾದರಿ ಸಿದ್ಧವಾಯಿತು, 1980ರ ಆಗಸ್ಟ್ 6ರಂದು ಪಕ್ಷಗಳ ಮುಂದೆ ಪ್ರದರ್ಶನವೂ ಆಯಿತು. ಅಷ್ಟರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನವರು ಕಾರ್ಮಿಕ ಸಂಘಗಳ ಚುನಾವಣೆಗೆಂದು ತಮ್ಮದೇ ಒಂದು ಯಂತ್ರ ಮಾಡಿಕೊಂಡಿದ್ದರು. ಕೊನೆಗೆ ಎರಡೂ ಸಂಸ್ಥೆಗಳಿಗೆ ಕೆಲಸ ಹಂಚಿಕೆಯಾಯಿತು. ನಮ್ಮ ಭಾಗದವನಿಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. 1956ರವರೆಗೆ ನಮ್ಮ ರಾಜಧಾನಿ ಹೈದರಾಬಾದ್, ಆಮೇಲೆ ಬೆಂಗಳೂರು. ನಾವು ಒತ್ತುವ ಗುಂಡಿಯೂ ಈ ಎರಡು ಊರುಗಳನ್ನು ಬಿಟ್ಟು ಬೇರೆಲ್ಲಿಂದಲೂ ಬರಲಿಲ್ಲ.

ಬೆಂಗಳೂರಿನ ಕೆಲಸದ ಮೇಲ್ವಿಚಾರಣೆಯಲ್ಲಿ ಇದ್ದವರಲ್ಲಿ ಎಸ್. ರಂಗರಾಜನ್ ಒಬ್ಬರು. ತಮಿಳು ಓದುವವರಿಗೆ ಅವರು ಸುಜಾತಾ, ಪತ್ತೇದಾರಿ ಕತೆ ಮತ್ತು ವಿಜ್ಞಾನ ಕತೆಗಳ ದೊಡ್ಡ ಹೆಸರು. ಹೊರಗಿನ ರೂಪ, ಅಂದರೆ ಗುಂಡಿ ಎಲ್ಲಿ, ದೀಪ ಎಲ್ಲಿ, ಹಾಳೆ ಎಲ್ಲಿ ಎಂಬ ವಿನ್ಯಾಸ, ಮುಂಬೈ ಐಐಟಿಯ ಎ.ಜಿ. ರಾವ್ ಮತ್ತು ರವಿ ಪೂವಯ್ಯ ಅವರದು. ಪೆಟ್ಟಿಗೆಯ ಕಾಲದ ನೆನಪು ಆ ವಿನ್ಯಾಸದಲ್ಲಿ ಉಳಿದಿದೆ ಎಂದು ನನಗೆ ಅನಿಸುತ್ತದೆ. ಹೆಸರು, ಗುರುತು, ಅದರ ಪಕ್ಕದಲ್ಲೇ ಕೆಂಪು ದೀಪ, ಅದರ ಪಕ್ಕದಲ್ಲೇ ಗುಂಡಿ. ಅಂಕಿ ಒತ್ತಿ ಮತ ಹಾಕುವ ಯಂತ್ರ ಮಾಡಿದ್ದರೆ ಹತ್ತೇ ಗುಂಡಿಯಲ್ಲಿ ಎಷ್ಟು ಅಭ್ಯರ್ಥಿಗಳಿಗಾದರೂ ಸಾಲುತ್ತಿತ್ತು. ಬ್ರೆಜಿಲ್ ದೇಶದಲ್ಲಿ ಹಾಗೆಯೇ ಮಾಡಿದ್ದಾರೆ, ಅಲ್ಲಿ ಮತದಾರ ಫೋನಿನ ಹಾಗೆ ಅಭ್ಯರ್ಥಿಯ ನಂಬರು ಒತ್ತುತ್ತಾನೆ, ತೆರೆಯ ಮೇಲೆ ಫೋಟೊ ಮೂಡುತ್ತದೆ. ನಂಬರು ನೆನಪಿಟ್ಟುಕೊಂಡು ಬರಬೇಕಾದ ಆ ಭಾರವನ್ನು ನಮ್ಮವರು ಮತದಾರನ ತಲೆಯ ಮೇಲೆ ಹೊರಿಸಲಿಲ್ಲ. ಒಬ್ಬನಿಗೆ ಒಂದು ಗುಂಡಿ ಎಂಬ ನಿಯಮ ಹಿಡಿದರು. ಹಾಗಾಗಿ ಗುಂಡಿ ಸಾಲದಾಗುವ ತೊಂದರೆಯೂ ಜೊತೆಗೇ ಬಂತು.

ಇದು ಮತಯಂತ್ರದ್ದೊಂದೇ ತೊಂದರೆಯಲ್ಲ. ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗಳನ್ನು ಬಿಚ್ಚಿ ಕಟ್ಟುವ ಹುಚ್ಚಿನವನು. ನಾಣ್ಯ ಹಾಕಿ ನಿಂತುಕೊಂಡು ಆಡುವ ದೊಡ್ಡ ಪೆಟ್ಟಿಗೆಗಳು. ಅದರೊಳಗೆ ಎನ್‌ಕೋಡರ್ ಎಂಬ ಅಂಗೈ ಅಗಲದ ಬೋರ್ಡು ಇರುತ್ತದೆ, ಯಾವ ಗುಂಡಿ ಒತ್ತಿದರು ಎಂಬುದನ್ನು ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಬೋರ್ಡಿನಲ್ಲಿ ವೈರು ಸಿಕ್ಕಿಸುವ ಜಾಗ ಹನ್ನೆರಡಿದ್ದು ಅವನಿಗೆ ಬೇಕಾದ ಗುಂಡಿ ಹದಿನೆಂಟಿದ್ದರೆ ಏನು ಮಾಡುತ್ತಾನೆಂದು ಕೇಳಿದೆ. ಕಾಗದದ ಮೇಲೆ ಗೀಚಿ ತೋರಿಸಿದ.

ಎರಡು ಗುಂಡಿಗಳ ವೈರನ್ನು ಒಂದೇ ಜಾಗಕ್ಕೆ ಸೇರಿಸಿಬಿಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆದರೆ ಯಾವುದನ್ನು ಒತ್ತಿದರು ಎಂದು ಬೋರ್ಡಿಗೆ ಗೊತ್ತೇ ಆಗುವುದಿಲ್ಲ. ಆಟದಲ್ಲಿ ನಡೆಯುತ್ತದೆ, ಮತದಲ್ಲಿ ನಡೆದರೆ ಜೈಲು. ಇನ್ನೊಂದು, ಒಂದು ಗುಂಡಿಯನ್ನು ಶಿಫ್ಟ್ ಮಾಡಿಕೊಳ್ಳುವುದು. ಅದನ್ನು ಹಿಡಿದುಕೊಂಡು ಒತ್ತಿದರೆ ಪ್ರತಿ ಗುಂಡಿಗೂ ಎರಡನೆಯ ಅರ್ಥ. ಕನ್ನಡವನ್ನು ಇಂಗ್ಲಿಷಿನ 26 ಅಕ್ಷರದ ಕೀಲಿಮಣೆಗೆ ಕೂರಿಸುವಾಗ ಕೆ.ಪಿ. ರಾವ್ ಅವರು ನೆಚ್ಚಿದ್ದೂ ಶಿಫ್ಟನ್ನೇ, ತ ಒತ್ತಿದಲ್ಲೇ ಥ. ಓದು ಬರಹದವರಿಗೆ ಇದು ಸರಿ. ಹೊಲದಿಂದ ನೇರ ಮತಗಟ್ಟೆಗೆ ಬಂದವಳಿಗೆ ಎರಡು ಗುಂಡಿ ಒಟ್ಟಿಗೆ ಹಿಡಿ ಎಂದು ಹೇಳಲಾಗದು. ಮೂರನೆಯದು ಅಡ್ಡ ಉದ್ದ ತಂತಿ ಹಾಯಿಸಿ ಚೌಕುಳಿ ಮಾಡುವುದು. ನಾಲ್ಕು ಅಡ್ಡ, ನಾಲ್ಕು ಉದ್ದ, ಎಂಟೇ ತಂತಿಯಲ್ಲಿ 16 ಗುಂಡಿ. ಆದರೆ ಪ್ರತಿ ಗುಂಡಿಗೂ ಒಂದು ಡಯೋಡ್ ಹಾಕದಿದ್ದರೆ, ಮೂರು ಗುಂಡಿ ಒಟ್ಟಿಗೆ ಒತ್ತಿದಾಗ ಯಾರೂ ಮುಟ್ಟದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಅದಕ್ಕೆ ಅವರ ಕಡೆ ಭೂತ ಎಂದೇ ಹೆಸರಂತೆ. ಚುನಾವಣೆಗೆ ಭೂತ ಹೊಸದಲ್ಲ ಎಂದು ನಾನಂದೆ, ಅವನು ನಗಲಿಲ್ಲ.

ಕೊನೆಯ ದಾರಿ, ಖರ್ಚಿನದ್ದು ಆದರೆ ನಿಚ್ಚಳವಾದದ್ದು: ಮೊದಲನೆಯದರಂಥದೇ ಇನ್ನೊಂದು ಬೋರ್ಡು ತಂದು ಬಾಲಕ್ಕೆ ಬಾಲ ಕಟ್ಟುವುದು, ನೀನು ಒಂದನೆಯವ, ನೀನು ಎರಡನೆಯವ ಎಂದು ಹೆಸರಿಡುವುದು. ಮತಯಂತ್ರದವರು ಆರಿಸಿಕೊಂಡದ್ದು ಇದನ್ನು.

ಬ್ಯಾಲೆಟ್ ಯೂನಿಟ್ಟಿನ ಮುಚ್ಚಳ ತೆಗೆದರೆ ಮೇಲೆ ಬಲಮೂಲೆಯಲ್ಲಿ ಒಂದು ಸಣ್ಣ ಜಾರುಸ್ವಿಚ್ಚು ಕಾಣುತ್ತದೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ 1, 2, 3, 4 ಎಂಬ ನಾಲ್ಕು ಜಾಗ. ಮೊದಲ ಯೂನಿಟ್ಟಿನಲ್ಲಿ 1ಕ್ಕೆ, ಎರಡನೆಯದರಲ್ಲಿ 2ಕ್ಕೆ ಸರಿಸಬೇಕು. ಎರಡನೆಯದರ ಕೇಬಲ್ಲನ್ನು ಮೊದಲನೆಯದರ ಹಿಂಭಾಗದಲ್ಲಿ, ಮೂರನೆಯದನ್ನು ಎರಡನೆಯದರಲ್ಲಿ ಸಿಕ್ಕಿಸುತ್ತಾ ಹೋಗುವುದು. ಮೊದಲನೆಯದರ ಕೇಬಲ್ಲು ಮಾತ್ರ ಆಗ ನಮ್ಮ ಮೇಜಿನ ಮೇಲಿನ ಕಂಟ್ರೋಲ್ ಯೂನಿಟ್ಟಿಗೆ ಹೋಗುತ್ತಿತ್ತು. ಎರಡನೆಯ ಡಬ್ಬಿಯ ಐದನೆಯ ಗುಂಡಿ ಒತ್ತಿದರೆ ಕಂಟ್ರೋಲ್ ಯೂನಿಟ್ಟಿಗೆ ಅದು 21ನೆಯ ಅಭ್ಯರ್ಥಿ. ಗುಂಡಿ ಎರಡರಲ್ಲೂ ಒಂದೇ ನಮೂನೆ, ವ್ಯತ್ಯಾಸ ಇರುವುದು ಆ ಸ್ವಿಚ್ಚಿನಲ್ಲಿ. ನಾಲ್ಕು ಡಬ್ಬಿ, ತಲಾ 16, ಒಟ್ಟು 64. ಸ್ವಿಚ್ಚು ತಪ್ಪು ಜಾಗದಲ್ಲಿದ್ದರೆ ಇಡೀ ಡಬ್ಬಿಯ ಮತಗಳು ಬೇರೆಯವರ ಲೆಕ್ಕಕ್ಕೆ ಹೋಗಬಾರದಲ್ಲ, ಅದಕ್ಕೇ ತರಬೇತಿಯಲ್ಲಿ ಈ ಸ್ವಿಚ್ಚಿನ ಬಗ್ಗೆ ಹೇಳಿದ್ದನ್ನೇ ಹೇಳುತ್ತಾರೆ. ಅದನ್ನು ಸರಿಪಡಿಸಿ ಒಳಗೆ ಸೀಲು ಮಾಡುವುದು ಚುನಾವಣಾಧಿಕಾರಿಯ ಮಟ್ಟದಲ್ಲಿ, ಅಭ್ಯರ್ಥಿಗಳ ಅಥವಾ ಅವರ ಏಜೆಂಟರ ಎದುರಿಗೆ. ಬಳಸದ ಗುಂಡಿಗಳ ಮೇಲೆ ಬಿಳಿ ಮರೆಪಟ್ಟಿ ಸರಿಸಿ ಮುಚ್ಚುವುದೂ ಆಗಲೇ. ನಮ್ಮ ಕೈಗೆ ಬರುವಾಗ ಎಲ್ಲ ಮುಚ್ಚಿರುತ್ತದೆ, ನಮಗೆ ಉಳಿಯುವುದು ಜೋಡಣೆ. ಜೋಡಣೆ ಸರಿಯಿಲ್ಲದಿದ್ದರೆ ಕಂಟ್ರೋಲ್ ಯೂನಿಟ್ಟು ಮುಷ್ಕರ ಹೂಡುತ್ತದೆ, ಸಂಪರ್ಕದ ದೋಷ ಎಂದು ಅಕ್ಷರ ಮೂಡಿಸಿ ಸುಮ್ಮನೆ ಕೂರುತ್ತದೆ.

ಇಷ್ಟು ಡಬ್ಬಿ ಸರಪಳಿಯಾಗಿದ್ದರೂ ಮತ ಒಂದೇ. ನಾವು ಬ್ಯಾಲೆಟ್ ಗುಂಡಿ ಒತ್ತಿದಾಗ ಸರಪಳಿಯ ಎಲ್ಲ ಡಬ್ಬಿಗಳೂ ಎಚ್ಚರಾಗುತ್ತವೆ. ಎಲ್ಲೇ ಆಗಲಿ ಮೊದಲು ಒತ್ತಿದ್ದೇ ದಾಖಲು, ಆ ಕ್ಷಣಕ್ಕೆ ಉಳಿದವೆಲ್ಲ ಸತ್ತಂತೆ. ಉದ್ದನೆಯ ಬೀಪ್ ಕೇಳಿದ ಮೇಲೆ ಯಾರು ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ.

ಯಂತ್ರ ಇಷ್ಟು ಸಿದ್ಧವಾಗಿತ್ತು, ಕಾನೂನು ಆಗಿರಲಿಲ್ಲ. 1982ರ ಮೇ 19ರಂದು ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಬಾರಿ ಯಂತ್ರ ಇಟ್ಟರು. ಶಿವನ್ ಪಿಳ್ಳೆ 123 ಮತಗಳಿಂದ ಗೆದ್ದರು. ಸೋತ ಎ.ಸಿ. ಜೋಸ್ ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರ ಮಾರ್ಚ್‌ನಲ್ಲಿ ಕೋರ್ಟು ಹೇಳಿದ್ದು, ನಿಯಮದಲ್ಲಿ ಇರುವುದು ಮತಪತ್ರ, ಆಯೋಗ ತನ್ನಷ್ಟಕ್ಕೆ ತಾನೇ ಯಂತ್ರ ತರಲು ಬರುವುದಿಲ್ಲ ಎಂದು. ಆ 50 ಮತಗಟ್ಟೆಗಳಲ್ಲಿ ಕಾಗದದ ಮೇಲೆ ಮರುಮತದಾನ ನಡೆದು ಜೋಸ್ ಗೆದ್ದರು. 1988ರ ಡಿಸೆಂಬರಿನಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಮರುವರ್ಷದ ಮಾರ್ಚ್ 15ರಿಂದ ಜಾರಿಯಾಯಿತು. ಸುಮಾರು ಒಂದೂವರೆ ಲಕ್ಷ ಯಂತ್ರಗಳನ್ನು ಕೊಂಡೂ ಆಯಿತು. ಆದರೆ ಪಕ್ಷಗಳ ಅನುಮಾನ ತೀರಲಿಲ್ಲ, ಯಂತ್ರಗಳು ಗೋದಾಮಿನಲ್ಲಿ ಕೂತವು. 1998ರ ನವೆಂಬರಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ ಕೆಲವು ಕ್ಷೇತ್ರಗಳಿಗೆ ಹೊರಬಂದವು. 2004ಕ್ಕೆ ದೇಶದ ಎಲ್ಲ 543 ಲೋಕಸಭಾ ಕ್ಷೇತ್ರಗಳಿಗೆ ತಲುಪಿದವು.

ಹಾಗಾಗಿ 1996ರಲ್ಲಿ ಬೆಳಗಾವಿಯ ಮತಪುಸ್ತಕ ಅಚ್ಚಾಗುತ್ತಿದ್ದಾಗ ದೇಶದ ಗೋದಾಮುಗಳಲ್ಲಿ ಲಕ್ಷಗಟ್ಟಲೆ ಯಂತ್ರಗಳು ಧೂಳು ತಿನ್ನುತ್ತಿದ್ದವು. ತಂದಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ. 64 ಎಲ್ಲಿ, 456 ಎಲ್ಲಿ.

ಇಲ್ಲಿಗೆ ಶಾಸನದವರ ಉತ್ತರ ಬಂತು, ತಡವಿಲ್ಲದೆ. ಅದೇ 1996ರ ಆಗಸ್ಟ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಲೋಕಸಭೆಯ ಠೇವಣಿ 500ರಿಂದ 10,000 ರೂಪಾಯಿಗೆ ಏರಿತು. ವಿಧಾನಸಭೆಯದು 250ರಿಂದ 5,000ಕ್ಕೆ. ಪರಿಶಿಷ್ಟರಿಗೆ ಅರ್ಧ. ಮಾನ್ಯತೆಯಿರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಉಳಿದವರಿಗೆ ಹತ್ತು ಮಂದಿ ಬೇಕು ಎಂದಾಯಿತು. ಚಲಾವಣೆಯಾದ ಸಿಂಧು ಮತಗಳ ಆರರಲ್ಲೊಂದು ಪಾಲು ಬರದಿದ್ದರೆ ಠೇವಣಿ ಮುಟ್ಟುಗೋಲು, ಅದು ಮೊದಲಿನಿಂದ ಇದ್ದದ್ದೇ. ಫಲ ತಕ್ಷಣ ಕಂಡಿತು. 1996ರಲ್ಲಿ ದೇಶದಲ್ಲಿ ಒಟ್ಟು 13,952 ಮಂದಿ ಲೋಕಸಭೆಗೆ ನಿಂತಿದ್ದರು. ಎರಡೇ ವರ್ಷದ ನಂತರ, 1998ರಲ್ಲಿ, 4,750 ಮಂದಿ. ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಕಣದಿಂದ ಹೋದರು. ಈಗ ಲೋಕಸಭೆಯ ಠೇವಣಿ 25,000, ವಿಧಾನಸಭೆಯದು 10,000.

ಆ ಹೋದವರಲ್ಲಿ ತಮಾಷೆಗೆ ನಿಂತವರು, ಇನ್ನೊಬ್ಬರ ಮತ ಒಡೆಯಲು ಅದೇ ಹೆಸರಿನವರನ್ನು ಹುಡುಕಿ ನಿಲ್ಲಿಸಿದ ಡಮ್ಮಿಗಳು ಇದ್ದರು, ಒಪ್ಪುತ್ತೇನೆ. ಆದರೆ ಡಮ್ಮಿಯನ್ನು ನಿಲ್ಲಿಸುವವನಿಗೆ 10,000 ದೊಡ್ಡದಲ್ಲ. ಅದು ದೊಡ್ಡದಾಗುವುದು ಫ್ಲೋರೈಡ್ ನೀರು ಕುಡಿದವನಿಗೆ. ನಮ್ಮ ಕಡೆ ಸುಗ್ಗಿ ಮುಗಿದರೆ ಬೆಂಗಳೂರಿಗೋ ಪುಣೆಗೋ ಗಾರೆ ಕೆಲಸಕ್ಕೆ ಹೋಗುವವನಿಗೆ. ಗುಂಡಿ ಸಾಲದು ಎಂದಾಗ ಗುಂಡಿ ಹೆಚ್ಚಿಸುವುದು ಒಂದು ಮನಸ್ಸು, ಒತ್ತಿಸಿಕೊಳ್ಳಲು ಬರುವವರನ್ನೇ ಕಡಿಮೆ ಮಾಡುವುದು ಇನ್ನೊಂದು. ಎಂಜಿನಿಯರುಗಳ ಮನಸ್ಸು ಹೆಚ್ಚು ಪ್ರಜಾಪ್ರಭುತ್ವದ್ದು ಎಂದು ನನ್ನ ಅಭಿಪ್ರಾಯ, ಅವರು ಹಾಗೆಂದುಕೊಂಡು ಮಾಡಿರಲಿಕ್ಕಿಲ್ಲ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿತು. ಹೆಸರುಗಳನ್ನು ಮೂರು ಗುಂಪು ಮಾಡಬೇಕು: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಸಣ್ಣ ಪಕ್ಷಗಳವರು, ಕೊನೆಗೆ ಪಕ್ಷೇತರರು. ಅಕಾರಾದಿ ಏನಿದ್ದರೂ ಗುಂಪಿನೊಳಗೆ. ಅಂದರೆ ಅಪ್ಪಣ್ಣ ಎಂಬ ಪಕ್ಷೇತರ ಹನುಮಂತ ಎಂಬ ಪಕ್ಷದವನಿಗಿಂತ ಯಾವಾಗಲೂ ಕೆಳಗೆ. ಹಾಳೆಯಲ್ಲಿ ಇದು ಬರೀ ಮೇಲೆ ಕೆಳಗಿನ ಮಾತು. ಯಂತ್ರದಲ್ಲಿ ಹಾಗಲ್ಲ. ಹದಿನಾರು ದಾಟಿದರೆ ಎರಡನೆಯ ಡಬ್ಬಿಗೆ ಹೋಗುವವರು ಪಕ್ಷೇತರರೇ.

ಕಲಬುರಗಿಯಲ್ಲಿ ಮಗನ ಮನೆಯಲ್ಲಿರುವ ನಮ್ಮ ಕಾಕಿ ಒಂದು ಚುನಾವಣೆಯಲ್ಲಿ ಗುರುತಿನ ಹುಡುಗನೊಬ್ಬನಿಗೆ ಮತ ಹಾಕಲೆಂದು ಹೋಗಿದ್ದಳು. ಅವನು ಪಕ್ಷೇತರ. ವಾಪಸ್ಸು ಬಂದವಳು ಫೋನಿನಲ್ಲಿ ಹೇಳಿದಳು:

"ಡಬ್ಬಿ ಎಲ್ಲಾ ಹುಡುಕಿನೋ ಯಪ್ಪಾ, ಅವನ ಗುರ್ತು ಸಿಗಲಿಲ್ಲ. ಬಾಜೂಕ ಇನ್ನೊಂದು ಡಬ್ಬಿ ಇತ್ತು ಖರೆ. ಅದು ಗಂಡಸರಿಗಿ ಇರಬೇಕು ಅಂತ ಬಿಟ್ಟು ಬಂದೆ."

"ಮತ್ತ ವೋಟು ಯಾರಿಗಿ ಹಾಕ್ದಿ ಕಾಕಿ?"

"ಅದು ಕೇಳಬಾರ್ದು. ಮಾಸ್ತರ ಆಗಿ ನಿನಗಷ್ಟೂ ಗೊತ್ತಿಲ್ಲೇನು?"

ಹೆಂಗಸರ ಸಾಲು, ಗಂಡಸರ ಸಾಲು ಬೇರೆ ಬೇರೆ ಇರುವಾಗ ಡಬ್ಬಿಯೂ ಬೇರೆ ಇರಬೇಕು ಎಂದುಕೊಂಡ ಅವಳ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಮತದಾನದ ಮರೆಯೊಳಗೆ ನಾವು ಹೋಗುವಂತಿಲ್ಲ. ಕೇಳಿದವರಿಗೆ ರಟ್ಟಿನ ಮಾದರಿ ತೋರಿಸಿ ಹೊರಗೇ ವಿವರಿಸಬಹುದು, ಅಷ್ಟೇ. ಎರಡು ಡಬ್ಬಿ ಇರುವ ದಿನ ನಾನು ಸಾಲಿನಲ್ಲಿದ್ದವರಿಗೆಲ್ಲ ಅದನ್ನೇ ಹೇಳುತ್ತಿದ್ದೆ, ಎರಡೂ ನಿಮ್ಮವೇ, ಎರಡನ್ನೂ ನೋಡಿ, ಒಂದೇ ಒತ್ತಿ. ಇದರಲ್ಲೂ ಏಜೆಂಟರು ಮುಖ ಸಿಂಡರಿಸುತ್ತಿದ್ದರು. ಎರಡನ್ನೂ ನೋಡಿ ಎಂದರೆ ಪಕ್ಷೇತರರ ಪರ ಪ್ರಚಾರದ ಹಾಗೆ ಕೇಳುತ್ತಿತ್ತೋ ಏನೋ.

2013ರ ಸೆಪ್ಟೆಂಬರ್ 27ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನೋಟಾ ಬಂತು, ಇವರಲ್ಲಿ ಯಾರೂ ಬೇಡ ಎನ್ನುವ ಗುಂಡಿ. ಅದಕ್ಕೆ ಹೊಸ ಗುಂಡಿ ಕೊರೆಯಲಿಲ್ಲ. ಇದ್ದ ಹದಿನಾರರಲ್ಲೇ ಒಂದನ್ನು ಕೊಟ್ಟರು, ಕೊನೆಯ ಅಭ್ಯರ್ಥಿಯ ಕೆಳಗೆ. ಅಲ್ಲಿಂದ ಒಂದು ಡಬ್ಬಿಗೆ ಹಿಡಿಸುವುದು 15 ಮಂದಿ. ಸರಿಯಾಗಿ 16 ಮಂದಿ ನಿಂತರೆ ಹದಿನಾರನೆಯ ಗುಂಡಿ ಅಭ್ಯರ್ಥಿಗೇ ಹೋಗುತ್ತದೆ, ನೋಟಾಕ್ಕೋಸ್ಕರ ಇನ್ನೊಂದು ಇಡೀ ಡಬ್ಬಿ ಬರಬೇಕು. ಪ್ರತಿ ಮತಗಟ್ಟೆಗೂ ಒಂದು. ಆ ಎರಡನೆಯ ಡಬ್ಬಿಯಲ್ಲಿ ಒಂದೇ ಗುಂಡಿ ತೆರೆದಿರುತ್ತದೆ, ಹದಿನೈದಕ್ಕೆ ಮರೆಪಟ್ಟಿ. ನಾಮಪತ್ರ ವಾಪಸ್ಸು ಪಡೆಯುವ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯತ್ತ ಚುನಾವಣಾ ಶಾಖೆಯವರು ಗಡಿಯಾರ ನೋಡುವುದು ಸುಮ್ಮನೆ ಅಲ್ಲ. ಹದಿನಾರು ಹದಿನೈದಾದರೆ ನೂರಾರು ಡಬ್ಬಿ ಸಾಗಿಸುವ ಕೆಲಸ ಉಳಿಯಿತು. ಅಭ್ಯರ್ಥಿಗಳ ಫೋಟೊ ಬ್ಯಾಲೆಟ್ ಹಾಳೆಗೆ ಬಂದದ್ದು 2015ರ ಮೇ ತಿಂಗಳಿಂದ. ಒಂದೇ ಹೆಸರಿನ ಡಮ್ಮಿಗಳಿಗೆ ಅದು ಠೇವಣಿಗಿಂತ ಒಳ್ಳೆಯ ಮದ್ದಾಯಿತು, ಯಾರ ಜೇಬಿಗೂ ಕೈ ಹಾಕದ ಮದ್ದು.

64ರ ಮಿತಿಗೆ ಕೊನೆಯ ದೊಡ್ಡ ಪರೀಕ್ಷೆ 2019. ಬೆಳಗಾವಿಯಲ್ಲಿ ಏಕೀಕರಣ ಸಮಿತಿ ಮತ್ತೆ ಹಳೆಯ ದಾರಿ ಹಿಡಿಯಿತು. 64 ದಾಟಿಸಿದರೆ ಯಂತ್ರ ಬದಿಗಿಟ್ಟು ಕಾಗದ ತರಲೇಬೇಕಾಗುತ್ತದೆ ಎಂಬ ಲೆಕ್ಕ ಆ ಹೊತ್ತಿಗೆ ಎಲ್ಲರಿಗೂ ಬಾಯಿಪಾಠ. ಆದರೆ ತಲೆಗೆ 25,000 ರೂಪಾಯಿ. ಕಣದಲ್ಲಿ ಕೊನೆಗೆ ಉಳಿದವರು 57 ಮಂದಿ, ನೋಟಾ ಸೇರಿ 58. ನಾಲ್ಕು ಡಬ್ಬಿಗಳ ಸರಪಳಿಯಲ್ಲಿ ಅದು ಹಿಡಿಸಿಬಿಟ್ಟಿತು.

ಅದೇ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಮಿತಿ ಒಡೆಯಿತು. ಅರಿಶಿನಕ್ಕೂ ಕೆಂಪು ಜೋಳಕ್ಕೂ ಬೆಂಬಲ ಬೆಲೆ ಕೇಳುತ್ತಿದ್ದ ರೈತರು ಊರೂರಿನಿಂದ ಠೇವಣಿ ಕೂಡಿಸಿಕೊಂಡು ನಾಮಪತ್ರ ಕೊಟ್ಟರು. ಕಣದಲ್ಲಿ 185 ಮಂದಿ, ಅವರಲ್ಲಿ 170ಕ್ಕೂ ಹೆಚ್ಚು ಜನ ರೈತರು. ಕಾಗದಕ್ಕೆ ಮರಳುತ್ತಾರೆಂದು ಎಲ್ಲರೂ ಎಣಿಸಿದ್ದರು. ಆದರೆ ಅಷ್ಟರಲ್ಲಿ ಮೂರನೆಯ ಪೀಳಿಗೆಯ ಯಂತ್ರ ಬಂದಿತ್ತು. ಅದರಲ್ಲಿ ಜಾರುಸ್ವಿಚ್ಚಿನ ಬದಲು ತಿರುಗಿಸಿ ಅಂಕಿ ಕೂರಿಸುವ ಚಕ್ರಗಳು, ಸರಪಳಿ 24 ಡಬ್ಬಿಗಳವರೆಗೆ, ಒಟ್ಟು 384 ಗುಂಡಿ. ನಿಜಾಮಾಬಾದಿನ ಪ್ರತಿ ಮತಗಟ್ಟೆಗೂ 12 ಡಬ್ಬಿ ಬಂದವು. ಏಪ್ರಿಲ್ 11ರಂದು ಮತದಾರರು ಆ ಡಬ್ಬಿಗಳ ಸಾಲಿನ ಮುಂದೆ ಅಂಗಡಿ ಬೀದಿಯಲ್ಲಿ ನಡೆದ ಹಾಗೆ ನಡೆದು ತಮ್ಮ ಗುಂಡಿ ಹುಡುಕಿದರು. ಗೆದ್ದವರು ರೈತರಲ್ಲಿ ಯಾರೂ ಅಲ್ಲ. ಆದರೆ ಆಗ ಸಂಸದರಾಗಿದ್ದ, ಮುಖ್ಯಮಂತ್ರಿಯ ಮಗಳು ಕೆ. ಕವಿತಾ ಸೋತರು. 2024ರಲ್ಲಿ ರಾಜಗಢದಲ್ಲಿ ದಿಗ್ವಿಜಯ ಸಿಂಗ್ ಕಾಗದದ ಮತ ಬೇಕಾದರೆ 400 ಮಂದಿ ನಾಮಪತ್ರ ಕೊಡಬೇಕು ಎಂದರು. 65 ಇದ್ದ ಲೆಕ್ಕ ಹೀಗೆ 400ರ ಹತ್ತಿರ ಹೋಗಿತ್ತು. ತಲಾ 25,000ದಂತೆ 384 ಮಂದಿಗೆ 96 ಲಕ್ಷ ರೂಪಾಯಿ. ನಿಜಾಮಾಬಾದಿನಂಥ ಉಪಾಯವನ್ನು ಇನ್ನು ಮುಂದೆ ರೈತರು ಮಾಡಲಾರರು, ಮಾಡಿದರೆ ದುಡ್ಡಿದ್ದವರು ಮಾಡಬೇಕು.

ಶಿರವಾಳದಂಥ ಊರುಗಳಲ್ಲಿ ಯಂತ್ರ ಇನ್ನೂ ಸೋತಿರುವ ಒಂದು ಚುನಾವಣೆ ಇದೆ, ಗ್ರಾಮ ಪಂಚಾಯಿತಿಯದು. ಅಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಒಂದೇ ವಾರ್ಡಿನಲ್ಲಿ ಎರಡು, ಮೂರು, ನಾಲ್ಕು ಸ್ಥಾನಗಳು, ಒಬ್ಬೊಬ್ಬರಿಗೂ ಅಷ್ಟೇ ಮತಗಳು. ಮೊದಲು ಒತ್ತಿದ್ದೇ ದಾಖಲು, ಉಳಿದದ್ದೆಲ್ಲ ಸತ್ತಂತೆ ಎಂಬ ಯಂತ್ರದ ಶಿಸ್ತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಬ್ಬಳೇ ಮೂರು ಸಲ ಒತ್ತಬೇಕು, ಮೂರಕ್ಕಿಂತ ಹೆಚ್ಚು ಒತ್ತಬಾರದು, ಒಬ್ಬನಿಗೇ ಎರಡು ಸಲ ಒತ್ತಬಾರದು, ಒಂದೇ ಸಾಕು ಎಂದರೂ ಬಿಡಬೇಕು. ಇಂಥದಕ್ಕೆಂದೇ ಮಾಡಿದ ಬೇರೆ ಯಂತ್ರಗಳಿವೆ, 2020ರ ಡಿಸೆಂಬರಿನಲ್ಲಿ ಬೀದರ್ ಜಿಲ್ಲೆಯ ಪಂಚಾಯಿತಿಗಳಿಗೆ ಯಂತ್ರ ಬಳಸಿದರು. ಉಳಿದ ಜಿಲ್ಲೆಗಳಲ್ಲಿ, ನಮ್ಮ ಯಾದಗಿರಿಯಲ್ಲೂ, ಕಾಗದ ಮತ್ತು ಮುದ್ರೆ. ಪಕ್ಷ ಇಲ್ಲ, ಹಾಗಾಗಿ ಗುಂಪೂ ಇಲ್ಲ, ಎಲ್ಲರೂ ಒಂದೇ ಹಾಳೆಯಲ್ಲಿ. ಠೇವಣಿ 200 ರೂಪಾಯಿ, ಪರಿಶಿಷ್ಟರಿಗೂ ಹೆಂಗಸರಿಗೂ 100. ಆ ಸಲ ಎಣಿಕೆಯ ದಿನ ತಾಲ್ಲೂಕು ಕೇಂದ್ರದ ಬಾಗಿಲ ಹೊರಗೆ ಗುಲಾಲು ಹಿಡಿದು ನಿಂತವರಲ್ಲಿ ಹಿಂದಿನ ವಾರದವರೆಗೆ ಕೂಲಿಗೆ ಹೋಗುತ್ತಿದ್ದವರು ಎಷ್ಟೋ ಮಂದಿ ಇದ್ದರು. ಒಳಗೆ ನಾವು ಮೇಜಿನ ಮೇಲೆ ಮತಪತ್ರ ಸುರಿದುಕೊಂಡು, ಒಂದು ಚೀಟಿಯಲ್ಲಿ ಎಷ್ಟು ಮುದ್ರೆ ಇವೆ ಎಂದು ಬೆರಳಿಟ್ಟು ಎಣಿಸುತ್ತಾ, ಸಂಜೆಯ ಮೇಲೂ ಕೂತಿದ್ದೆವು.